ನಾಲ್ಕನೆಯ ತಂತಿ

ಕಲಾವಿದರ ಸಂದರ್ಶನಗಳನ್ನು ಓದುವ ಹವ್ಯಾಸ ನಮಗೆ ಗುರುಮಠದ ದಿನಗಳಿಂದಲೂ ಉಂಟು. ತತ್ತ್ವಶಾಸ್ತ್ರದ ದಪ್ಪ ಗ್ರಂಥಗಳ ಮರೆಯಲ್ಲಿ ವಾರಪತ್ರಿಕೆಯನ್ನಿರಿಸಿಕೊಂಡು ಓದುತ್ತಿದ್ದಾಗ ಸಿಕ್ಕಿಬಿದ್ದು ಹಿರಿಯ ಗುರುಗಳಿಂದ ಮಾತು ಕೇಳಿಸಿಕೊಂಡದ್ದೂ ಉಂಟು. ಗಾಯಕರು, ವಾದ್ಯಗಾರರು, ನಟರು ತಮ್ಮ ಕೃತಿ ಹುಟ್ಟಿದ ಬಗೆಯನ್ನು ತಾವೇ ಹೇಳುವಾಗ, ವಿಮರ್ಶಕರ ಹತ್ತು ಪುಟಗಳಲ್ಲಿ ದೊರೆಯದ ವಿಷಯ ಒಮ್ಮೊಮ್ಮೆ ಒಂದೇ ವಾಕ್ಯದಲ್ಲಿ ದೊರೆತುಬಿಡುತ್ತದೆ. ಆದರೆ ಆ ಬಾಯಿಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಈ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿದುದು ಒಂದು ಚೆಲ್ಲೋ ವಾದ್ಯದ ತಂತಿಗಳ ಲೆಕ್ಕದಿಂದ.

ಚೆಲ್ಲೋ ಪಿಟೀಲಿನ ಕುಟುಂಬಕ್ಕೆ ಸೇರಿದ, ಕುಳಿತು ಮೊಣಕಾಲುಗಳ ನಡುವೆ ಇರಿಸಿಕೊಂಡು ನುಡಿಸುವ ದೊಡ್ಡ ವಾದ್ಯ. ಅದಕ್ಕೆ ನಾಲ್ಕು ತಂತಿಗಳು. ನಾವು ಹೇಳಹೊರಟಿರುವ ಚೆಲ್ಲೋಗೆ ಮೂರೇ ತಂತಿಗಳಿದ್ದವೆಂದು ಇಪ್ಪತ್ತನೆಯ ಶತಮಾನದ ಮಹಾ ಸಂಗೀತ ರಚನಕಾರರಲ್ಲೊಬ್ಬರು ಜೀವನವಿಡೀ ಹೇಳುತ್ತ ಬಂದರು. ಅದನ್ನು ನುಡಿಸಿದವರು ಮಾತ್ರ ನಾಲ್ಕಿದ್ದವೆಂದರು.

ಆ ರಚನಕಾರರು ಫ್ರಾನ್ಸಿನ ಒಲಿವಿಯೇ ಮೆಸ್ಸಿಯಾನ್. 1908ರಲ್ಲಿ ಆವಿನ್ಯೋಂ ನಗರದಲ್ಲಿ ಜನನ. ತಾಯಿ ಕವಯಿತ್ರಿ, ತಂದೆ ಶೇಕ್ಸ್‌ಪಿಯರ್ ನಾಟಕಗಳನ್ನು ಫ್ರೆಂಚ್ ಭಾಷೆಗೆ ಅನುವಾದಿಸಿದ ಅಧ್ಯಾಪಕರು. ಬಾಲ್ಯದಲ್ಲಿ ಆಟಿಕೆಯ ರಂಗಮಂದಿರವನ್ನು ಕಟ್ಟಿಕೊಂಡು, ಬಣ್ಣದ ಪಾರದರ್ಶಕ ಕಾಗದದಿಂದ ಬೆಳಕಿನಾಟ ತೋರಿಸಿ, ಶೇಕ್ಸ್‌ಪಿಯರನ ಪಾತ್ರಗಳನ್ನೆಲ್ಲ ತಾವೇ ಆಡಿದುದನ್ನು ಅವರು ಸಂದರ್ಶಕರಿಗೆ ಹೇಳುತ್ತಿದ್ದುದುಂಟು. 1931ರಲ್ಲಿ ಪ್ಯಾರಿಸ್ಸಿನ ಪವಿತ್ರ ತ್ರೈಕ್ಯ ದೇವಾಲಯದ ಆರ್ಗನ್ ವಾದಕರಾಗಿ ನೇಮಕಗೊಂಡ ಅವರು 1992ರಲ್ಲಿ ಮರಣಹೊಂದುವವರೆಗೂ ಆ ಹೊಣೆಯನ್ನು ಹೊತ್ತಿದ್ದರು. ಅರವತ್ತು ವರ್ಷಕ್ಕೂ ಮಿಗಿಲಾದ ಅವಧಿ! ಗಾಯನವೃಂದದಲ್ಲಿ ಮೂರು ವರ್ಷ ನಿಲ್ಲುವವರು ಸಿಕ್ಕರೆ ಸಂತೋಷಪಡುವ ನಮ್ಮಂಥ ಪಾಲನಾ ಗುರುಗಳು ಇದನ್ನು ಓದಿ ನಿಟ್ಟುಸಿರು ಬಿಡುವುದು ಸಹಜ.

ಮೆಸ್ಸಿಯಾನ್ ಅವರು ಕ್ಲೋಡ್ ಸಾಮ್ಯುಯೆಲ್ ಎಂಬ ವಿಮರ್ಶಕರೊಡನೆ ನಡೆಸಿದ ದೀರ್ಘ ಸಂಭಾಷಣೆಗಳು 1967ರಲ್ಲಿ ಗ್ರಂಥರೂಪದಲ್ಲಿ ಬಂದವು, 1986ರಲ್ಲಿ ವಿಸ್ತೃತಗೊಂಡವು. ಸಂದರ್ಶನವೆಂದರೆ ಹೇಗಿರಬೇಕೆಂಬುದಕ್ಕೆ ಅವು ಮಾದರಿ. ತಮ್ಮ ಬಗ್ಗೆ ಕೇಳಿದರೆ ಅವರು ಹಕ್ಕಿಗಳ ಬಗ್ಗೆ ಹೇಳುತ್ತಾರೆ. ಬೆಳಗಿನ ಜಾವದಲ್ಲಿ ಪುಸ್ತಕ ಹಿಡಿದು ಹೊಲದ ಬದುವಿನಲ್ಲಿ ನಿಂತು ಹಕ್ಕಿಗಳ ದನಿಯನ್ನು ಸ್ವರಲಿಪಿಯಲ್ಲಿ ಬರೆದುಕೊಳ್ಳುವ ಕಷ್ಟವನ್ನು ಬಣ್ಣಿಸುತ್ತಾರೆ. ನಾದವನ್ನು ಕೇಳಿದಾಗ ತಮಗೆ ಬಣ್ಣಗಳು ಕಾಣುತ್ತವೆಂದೂ, ಶ್ರೋತೃಗಳಿಗೆ ಅವು ಕಾಣುವುದಿಲ್ಲವೆಂದೂ, ಪಟ್ಟಣವಾಸಿಗಳಿಗೆ ಹಕ್ಕಿಗಳ ಕುರಿತೂ ವಿಶ್ವಾಸವಿಲ್ಲದವರಿಗೆ ವಿಶ್ವಾಸದ ಕುರಿತೂ ಹೇಳಬೇಕಾಗಿರುವುದೇ ತಮ್ಮ ಬಾಳಿನ ಸಂಕಟವೆಂದೂ ತೋಡಿಕೊಳ್ಳುತ್ತಾರೆ.

ನಮ್ಮ ದೇಶದ ಮಾತೂ ಅಲ್ಲಿ ಬರುತ್ತದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು 'ಸಂಗೀತ ರತ್ನಾಕರ'ದಲ್ಲಿ ಪಟ್ಟಿಮಾಡಿದ ನೂರಿಪ್ಪತ್ತು ದೇಶೀ ತಾಳಗಳನ್ನು ತಾವು ಒಂದು ಫ್ರೆಂಚ್ ವಿಶ್ವಕೋಶದಲ್ಲಿ ಕಂಡು ಅಭ್ಯಸಿಸಿದ ಬಗೆಯನ್ನು ಮೆಸ್ಸಿಯಾನ್ ವಿವರಿಸುತ್ತಾರೆ. ಅದೇ ಗ್ರಂಥಕ್ಕೆ ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ಕಲ್ಲಿನಾಥನು ವ್ಯಾಖ್ಯಾನ ಬರೆದನೆಂಬುದನ್ನು ನೆನೆದರೆ, ಹಂಪೆಯ ವಿದ್ವಾಂಸನೂ ಪ್ಯಾರಿಸ್ಸಿನ ಆರ್ಗನ್ ವಾದಕರೂ ಒಂದೇ ಪುಟವನ್ನು ತಿರುವಿದಂತಾಯಿತಲ್ಲವೇ! ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ತಾಳಗಳು ನಾವೀಗ ಹೇಳಲಿರುವ ಕೃತಿಯ ಮೊದಲ ಭಾಗದಲ್ಲಿಯೇ ಪಿಯಾನೊದಲ್ಲಿ ಸುತ್ತುತ್ತಿರುತ್ತವೆ.

ಆ ಕೃತಿ 'ಕಾಲಾಂತ್ಯದ ಚತುರ್ವಾದನ'. ಪ್ರಕಟನಾ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಕಾಲವು ಇನ್ನಿಲ್ಲವೆಂದು ಸಾರುವ ದೇವದೂತನಿಗೆ ಗೌರವಾರ್ಪಣೆಯಾಗಿ ಬರೆದುದು. ಎಂಟು ಭಾಗಗಳು, ಸುಮಾರು ಐವತ್ತು ನಿಮಿಷಗಳ ವಾದನ. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ ಮೆಸ್ಸಿಯಾನ್ ಜರ್ಮನರ ಸೆರೆಯಾಳಾದರು. ಅವರೊಡನೆ ಸೆರೆಸಿಕ್ಕವರು ಚೆಲ್ಲೋ ವಾದಕ ಎತಿಯೆನ್ ಪಾಸ್ಕಿಯೇ ಮತ್ತು ಕ್ಲಾರಿನೆಟ್ ವಾದಕ ಆನ್ರಿ ಅಕೋಕಾ. ಸೈಲೀಶಿಯಾ ಪ್ರಾಂತದ ಗೋರ್ಲಿಟ್ಸ್ ಪಟ್ಟಣದ ಬಂಧೀಶಿಬಿರದಲ್ಲಿ ಝಾನ್ ಲ ಬುಲೇರ್ ಎಂಬ ಪಿಟೀಲು ವಾದಕರೂ ಜೊತೆಯಾದರು. ಕಾರ್ಲ್ ಆಲ್ಬರ್ಟ್ ಬ್ರ್ಯೂಲ್ ಎಂಬ ಜರ್ಮನ್ ಕಾವಲುಗಾರನು ಕಾಗದ, ಪೆನ್ಸಿಲುಗಳನ್ನು ಒದಗಿಸಿದನು. 1941ರ ಜನವರಿ 15ರಂದು, ಹಿಮ ಮುಸುಕಿದ ಶಿಬಿರದ 27ನೆಯ ಸಂಖ್ಯೆಯ ಮರದ ಗುಡಾರದಲ್ಲಿ, ಮುಂದಿನ ಸಾಲಿನಲ್ಲಿ ಜರ್ಮನ್ ಅಧಿಕಾರಿಗಳು, ಹಿಂದೆ ಬಂಧಿಗಳು ಕುಳಿತಿರಲು, ಕೃತಿಯ ಪ್ರಥಮ ವಾದನ ನಡೆಯಿತು.

ಇದಿಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಯುದ್ಧಾನಂತರ ಮೆಸ್ಸಿಯಾನ್ ತಮ್ಮ ಸಂದರ್ಶಕರಿಗೆ ಹೇಳಿದ ಕಥೆಯಲ್ಲಿ ಐದು ಸಾವಿರ ಮಂದಿ ಶ್ರೋತೃಗಳಿದ್ದರು; ಪಿಯಾನೊದ ಮಣೆಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ; ಚೆಲ್ಲೋಗೆ ಮೂರೇ ತಂತಿಗಳಿದ್ದವು. 1960ರಲ್ಲಿ ಆಂತ್ವಾನ್ ಗೊಲೆಯಾ ಅವರು ಪ್ರಕಟಿಸಿದ ಸಂದರ್ಶನ ಗ್ರಂಥದಿಂದ ಹೊರಟ ಈ ಕಥೆ ಧ್ವನಿಮುದ್ರಿಕೆಗಳ ಹೊದಿಕೆ, ಕಚೇರಿಗಳ ಪರಿಚಯಪತ್ರ ಎಲ್ಲೆಡೆ ಹಬ್ಬಿತು. ನಾವೂ ಒಮ್ಮೆ ಪಾಸ್ಖಕಾಲದ ಪ್ರಬೋಧನೆಯಲ್ಲಿ ಇದನ್ನು ಭಾವಪೂರ್ಣವಾಗಿ ಹೇಳಿದ್ದೇವೆ. ಮೂರು ತಂತಿಗಳ ಮೇಲೆ ನಿತ್ಯತೆಯ ಗಾನ! ಪ್ರಬೋಧಕನಿಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಎಲ್ಲಿ ಸಿಕ್ಕೀತು?

ಆ ಬಳಿಕ ನಮ್ಮ ಕೈಗೆ ಬಂದುದು ಅಮೆರಿಕದ ರೆಬೆಕ್ಕಾ ರಿಶಿನ್ ಎಂಬವರು 2003ರಲ್ಲಿ ಪ್ರಕಟಿಸಿದ ಪುಸ್ತಕ. ಸ್ವತಃ ಕ್ಲಾರಿನೆಟ್ ವಾದಕಿಯಾದ ಈಕೆ, ಎಲ್ಲರೂ ರಚನಕಾರರನ್ನೇ ಕೇಳಿದ್ದಾರೆ, ನುಡಿಸಿದವರನ್ನು ಕೇಳಿದವರಾರು ಎಂಬಂತೆ ಹೊರಟವರು. ಅಕೋಕಾ 1975ರಲ್ಲಿಯೇ ತೀರಿಹೋಗಿದ್ದರು. ಅವರ ಕುಟುಂಬದವರು ಮಾತನಾಡಿದರು. ಇನ್ನಿಬ್ಬರು ಇಳಿವಯಸ್ಸಿನಲ್ಲಿ ಬದುಕಿದ್ದರು.

ಪಾಸ್ಕಿಯೇ ಅವರು ಸ್ಪಷ್ಟವಾಗಿ ಹೇಳಿದರು: ತಮ್ಮ ಚೆಲ್ಲೋಗೆ ನಾಲ್ಕು ತಂತಿಗಳಿದ್ದವು, ಮೂರರಲ್ಲಿ ಆ ಕೃತಿಯನ್ನು ನುಡಿಸಲು ಬರುವುದೇ ಇಲ್ಲ, ಅದನ್ನು ಮೆಸ್ಸಿಯಾನರೂ ಬಲ್ಲರು. ಆ ಗುಡಾರ ಹಿಡಿಸುತ್ತಿದ್ದುದು ಕೆಲವು ನೂರು ಮಂದಿಯನ್ನು ಮಾತ್ರ. ಎಂಟು ಭಾಗಗಳೂ ಶಿಬಿರದಲ್ಲಿ ಹುಟ್ಟಿದವಲ್ಲ. ಕ್ಲಾರಿನೆಟ್ ಒಂದೇ ನುಡಿಯುವ ಮೂರನೆಯ ಭಾಗವನ್ನು ಅಕೋಕಾ ಮೊದಲು ನುಡಿಸಿ ನೋಡಿದುದು ಶಿಬಿರ ಸೇರುವ ಮುನ್ನ, ನಾನ್ಸಿ ನಗರದ ಬಳಿಯ ಬಯಲಿನಲ್ಲಿ. ಅಂದು ಸ್ವರಲಿಪಿಯ ಹಾಳೆಯನ್ನು ಹಿಡಿದುಕೊಂಡು ನಿಂತವರು ಪಾಸ್ಕಿಯೇ. ಐದನೆಯ ಮತ್ತು ಎಂಟನೆಯ ಭಾಗಗಳಂತೂ ಮೆಸ್ಸಿಯಾನರು ಯುದ್ಧಕ್ಕೆ ಮೊದಲೇ ಬೇರೆ ವಾದ್ಯಗಳಿಗಾಗಿ ಬರೆದಿದ್ದ ಕೃತಿಗಳಿಂದ ಎತ್ತಿಕೊಂಡವು.

ಹಾಗಾದರೆ ಮೆಸ್ಸಿಯಾನ್ ಸುಳ್ಳು ಹೇಳಿದರೇ? ಪೂಜೆಯಲ್ಲಿ ಪಾಲ್ಗೊಳ್ಳುವವರು, ಸುಳ್ಳಿನಿಂದ ಯಾವ ಲಾಭವೂ ಇಲ್ಲದವರು. ಸುಳ್ಳಿನ ಕುರಿತಾದ ತಮ್ಮ ಪ್ರಬಂಧದಲ್ಲಿ ಸಂತ ಅಗಸ್ತೀನರು, ಮನಸ್ಸಿನಲ್ಲಿ ಒಂದನ್ನಿಟ್ಟುಕೊಂಡು ಬಾಯಲ್ಲಿ ಇನ್ನೊಂದನ್ನು ಆಡುವವನೇ ಸುಳ್ಳುಗಾರನೆಂದೂ, ತಪ್ಪನ್ನು ನಿಜವೆಂದು ನಂಬಿ ಹೇಳುವವನು ಸುಳ್ಳುಗಾರನಲ್ಲವೆಂದೂ ಭೇದ ಮಾಡುತ್ತಾರೆ. ಈ ಅಳತೆಗೋಲಿನಿಂದ ಮೆಸ್ಸಿಯಾನರನ್ನು ಪಾರುಮಾಡಬಹುದೆಂದು ನಮಗೆ ಮೊದಲು ತೋರಿತು. ನೆನಪು ಮಾಡುವ ಕೆಲಸವನ್ನು ನಾವು ಅರಿಯದವರಲ್ಲ. ಹಿಂದೆ ನಾವಿದ್ದ ಹೊಳೆಬದಿಯ ಧರ್ಮಕೇಂದ್ರದಲ್ಲಿ ಹಿರಿಯರೊಬ್ಬರು ಒಂದು ಹಳೆಯ ನೆರೆಯ ಕಥೆಯನ್ನು ಹೇಳುತ್ತಿದ್ದರು. ನಾವು ಹೋದ ವರ್ಷ ನೀರು ದೇವಾಲಯದ ಮೂರನೆಯ ಮೆಟ್ಟಿಲಿಗೆ ಬಂದಿತ್ತು. ನಾವು ವರ್ಗವಾಗುವ ವೇಳೆಗೆ ಅದು ಪೀಠವನ್ನು ಮುಟ್ಟಿತ್ತು! ಆ ಹಿರಿಯರು ಸುಳ್ಳಾಡುವವರಲ್ಲ. ನೀರನ್ನು ಕಂಡ ಅಂದಿನ ಭಯದ ಎತ್ತರವನ್ನು ಅವರು ಅಳೆಯುತ್ತಿದ್ದರು. ಮೆಟ್ಟಿಲು ಅದಕ್ಕೆ ಸಾಲುತ್ತಿರಲಿಲ್ಲ. ಚಳಿ, ಹಸಿವು, ಒಡಕು ಪಿಯಾನೊ ಇವುಗಳ ನಡುವೆ ತಮ್ಮನ್ನು ಅಷ್ಟೊಂದು ಗಮನವಿಟ್ಟು ಎಂದೂ ಯಾರೂ ಕೇಳಿರಲಿಲ್ಲವೆಂದು ಮೆಸ್ಸಿಯಾನ್ ಹೇಳಿದ್ದಾರೆ. ಆ ಮೌನದ ಅಳತೆಗೆ ಐದು ಸಾವಿರವೆಂಬ ಸಂಖ್ಯೆ ಬೇಕಾಯಿತೇನೋ.

ಆದರೆ ಈ ವಾದ ನಮ್ಮನ್ನು ಪೂರ್ತಿ ಸಮಾಧಾನಪಡಿಸಲಿಲ್ಲ. ಗೆಳೆಯರು ತಿದ್ದಬಲ್ಲವರಾಗಿ ಬಳಿಯಲ್ಲಿಯೇ ಇದ್ದರು. ಕೃತಿಯನ್ನು ಬರೆದ ಕೈಗೆ ನಾಲ್ಕು ತಂತಿಗಳ ಅಗತ್ಯ ತಿಳಿದೇ ಇತ್ತು. ಕಥೆ ಚೆನ್ನಾಗಿ ಕೂತುಬಿಟ್ಟಿತ್ತು, ಅದನ್ನು ಎಬ್ಬಿಸಲು ಅವರಿಗೆ ಮನಸ್ಸಾಗಲಿಲ್ಲವೆಂದೇ ನಮ್ಮ ಅನಿಸಿಕೆ. ಸಂದರ್ಶನವೆಂಬ ಪ್ರಕಾರದ ದೊಡ್ಡ ಅಪಾಯವಿದು. ಒಂದೇ ಪ್ರಶ್ನೆ ನೂರು ಬಾರಿ ಬಂದಾಗ ಉತ್ತರವು ನೆನಪಿನಿಂದ ಬರುವುದಿಲ್ಲ, ಹಿಂದಿನ ಉತ್ತರದಿಂದ ಬರುತ್ತದೆ. ನಟನಿಗೆ ಪಾತ್ರದ ಮಾತು ಹೇಗೋ ಹಾಗೆ ಅದು ಬಾಯಿಪಾಠವಾಗಿರುತ್ತದೆ. ಇಂದು ಚಿತ್ರತಾರೆಯರು ಒಂದೊಂದು ಚಿತ್ರದ ಬಿಡುಗಡೆಗೂ ಇಪ್ಪತ್ತು ವಾಹಿನಿಗಳೆದುರು ಒಂದೇ ಘಟನೆಯನ್ನು ಒಂದೇ ನಗೆಯೊಡನೆ ಹೇಳುವುದನ್ನು ನಮ್ಮ ಓದುಗರು ನೋಡಿಯೇ ಇದ್ದಾರೆ.

ಈ ಕಥೆಯಲ್ಲಿ ನಷ್ಟವಾದುದೇನೆಂಬುದು ಪಾಸ್ಕಿಯೇ ಅವರ ಮಾತುಗಳಲ್ಲಿದೆ. ಶಿಬಿರಕ್ಕೆ ಬಂದಾಗ ಅವರ ಬಳಿ ಚೆಲ್ಲೋ ಇರಲೇ ಇಲ್ಲ. ಸಹಬಂಧಿಗಳು ತಮ್ಮಲ್ಲಿದ್ದ ಪುಡಿಗಾಸನ್ನು ಒಟ್ಟುಗೂಡಿಸಿದರು. ಕಾವಲುಗಾರರು ಪಾಸ್ಕಿಯೇ ಅವರನ್ನು ಗೋರ್ಲಿಟ್ಸ್ ಪಟ್ಟಣದ ಅಂಗಡಿಗೆ ಕರೆದೊಯ್ದರು. ಅಲ್ಲಿ ಅವರು ಚೆಲ್ಲೋವನ್ನೂ ಕಮಾನನ್ನೂ ಕೊಂಡು ತಂದರು. ಬಂದೊಡನೆ ಗೆಳೆಯರು ಅವರನ್ನು ನುಡಿಸಲು ಕೂರಿಸಿದರು. ಮೂರು ತಂತಿಗಳ ಕಥೆಯಲ್ಲಿ ಎಲ್ಲಿಂದಲೋ ಬಂದ ಒಂದು ಮುರುಕು ವಾದ್ಯವಿದೆ, ಅದನ್ನು ಮೀರಿದ ಒಬ್ಬ ಪ್ರತಿಭಾವಂತರಿದ್ದಾರೆ. ನಾಲ್ಕು ತಂತಿಗಳ ಕಥೆಯಲ್ಲಾದರೋ ಬ್ರೆಡ್ಡಿಗೂ ತಂಬಾಕಿಗೂ ಕಾಸಿಗಾಗಿ ಪರದಾಡುತ್ತಿದ್ದ, ಹೆಸರೂ ಉಳಿಯದ ಆ ಸೆರೆಯಾಳುಗಳಿದ್ದಾರೆ. ಕಾಣೆಯಾದ ತಂತಿಯೊಡನೆ ಅವರೂ ಕಾಣೆಯಾಗಿದ್ದರು. ನಮ್ಮ ಪ್ರಬೋಧನೆಯಲ್ಲಿ ನಾವು ಅವರನ್ನು ಹೇಳಲಿಲ್ಲವಲ್ಲ ಎಂಬುದು ನಮಗೆ ಇಂದಿಗೂ ಚುಚ್ಚುತ್ತದೆ. ಮರುವರ್ಷ ಅದೇ ಪೀಠದಿಂದ ತಿದ್ದುಪಡಿ ಹೇಳಿದೆವು. ಕೇಳಿದವರಲ್ಲಿ ಬಹುತೇಕರಿಗೆ ಮೊದಲಿನ ಕಥೆಯೇ ನೆನಪಿಲ್ಲದಿದ್ದುದು ಬೇರೆ ಮಾತು.

ಅಕೋಕಾ ಅವರ ಪಾಲನ್ನು ಕುಟುಂಬದವರು ಹೇಳಿದರು. ಅಲ್ಜೀರಿಯಾ ಮೂಲದ ಯೆಹೂದ್ಯ, ರಾಜಕೀಯದಲ್ಲಿ ಎಡಪಂಥೀಯ, ಮಾತಿನಲ್ಲಿ ಹಾಸ್ಯಗಾರ. ಸೆರೆಯ ದಿನಗಳಲ್ಲಿ ಬರೆಯಲು ಮೆಸ್ಸಿಯಾನರನ್ನು ಹುರಿದುಂಬಿಸುತ್ತಿದ್ದವರು ಅವರೇ. 1941ರ ಆರಂಭದಲ್ಲಿ ಮೆಸ್ಸಿಯಾನ್ ಮತ್ತು ಪಾಸ್ಕಿಯೇ ಬಿಡುಗಡೆ ಹೊಂದಿ ಪ್ಯಾರಿಸ್ಸಿಗೆ ಮರಳಿದರು. ಯೆಹೂದ್ಯರಾದ ಅಕೋಕಾ ಅವರನ್ನು ತಡೆಯಲಾಯಿತು. ಅದೇ ವರ್ಷ ಅವರು ಚಲಿಸುವ ರೈಲಿನಿಂದ ಕ್ಲಾರಿನೆಟ್ಟನ್ನು ಕಂಕುಳಲ್ಲಿರಿಸಿಕೊಂಡೇ ಹಾರಿ ಪಾರಾದರು. ಅವರ ತಂದೆ ಆಶ್ವಿಟ್ಸ್‌ಗೆ ಒಯ್ಯಲ್ಪಟ್ಟು ಮರಳಲಿಲ್ಲ.

ಉಳಿದವರು ಲ ಬುಲೇರ್. ನಮಗೆ ಅತ್ಯಂತ ಆಪ್ತವೆನಿಸಿದ ಮಾತುಗಳು ಅವರವೇ. ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದಲ್ಲಿ ಕಲಿತ ಪಿಟೀಲುಗಾರ; ಆದರೆ ಸೈನ್ಯ, ಯುದ್ಧ, ಸೆರೆ ಇವು ಯೌವನದ ಅಭ್ಯಾಸದ ವರ್ಷಗಳನ್ನು ನುಂಗಿದ್ದವು. ಪಿಟೀಲು ವಾದಕನಿಗೆ ಕಳೆದುಹೋದ ವರ್ಷಗಳು ಬೆರಳುಗಳಿಂದಲೇ ಕಳೆದುಹೋದಂತೆ. ಅವರು ಪಿಟೀಲಿನ ವೃತ್ತಿಯನ್ನು ತೊರೆದರು. ಝಾನ್ ಲಾನಿಯೇ ಎಂಬ ಹೊಸ ಹೆಸರಿನಿಂದ ರಂಗಭೂಮಿಯನ್ನೂ ಚಲನಚಿತ್ರವನ್ನೂ ಪ್ರವೇಶಿಸಿ ನಟರಾದರು. ಪಾಸ್ಕಿಯೇ ಅವರು ಸೋದರರೊಡನೆ 1927ರಲ್ಲಿ ಕಟ್ಟಿದ ಪ್ರಸಿದ್ಧ ತ್ರಿವಾದನ ತಂಡಕ್ಕೆ ಮರಳಿದರು, ಮೆಸ್ಸಿಯಾನರು ಜಗದ್ವಿಖ್ಯಾತರಾದರು. ಇವರೊಬ್ಬರು ಮಾತ್ರ ಹಳೆಯ ಹೆಸರನ್ನೂ ವಾದ್ಯವನ್ನೂ ಹಿಂದೆ ಬಿಟ್ಟು ನಡೆದರು. ವೃದ್ಧ ನಟರನ್ನು ಸಂದರ್ಶಕಿ ಹುಡುಕಿಕೊಂಡು ಹೋಗಿ ಆ ಸಂಜೆಯ ಬಗ್ಗೆ ಕೇಳಿದಾಗ ಅವರು ಕಳೆದುಕೊಂಡದ್ದರ ಕಹಿಯನ್ನು ಮುಚ್ಚಿಡಲಿಲ್ಲ. ಶ್ರೋತೃಗಳ ಲೆಕ್ಕ ಅವರ ಚಿಂತೆಯಾಗಿರಲಿಲ್ಲ. ಆ ಚತುರ್ವಾದನ ಮಾತ್ರ ತಮಗೇ ಸೇರಿದ, ಬೇರಾರಿಗೂ ಎಂದೂ ಸೇರಲಾಗದ ಒಂದು ಒಡವೆಯೆಂಬರ್ಥದಲ್ಲಿ ಅವರು ಮಾತನಾಡಿದರು.

ನಮ್ಮಲ್ಲಿರುವುದು 1956ರ ಧ್ವನಿಮುದ್ರಿಕೆಯ ಪ್ರತಿ. ಪಿಯಾನೊದಲ್ಲಿ ಮೆಸ್ಸಿಯಾನ್, ಚೆಲ್ಲೋದಲ್ಲಿ ಪಾಸ್ಕಿಯೇ. ಕೊನೆಯ ಭಾಗ ಪಿಟೀಲಿನದು: ಪಿಯಾನೊ ಮೆಲ್ಲನೆ ಮಿಡಿಯುತ್ತಿರಲು ಪಿಟೀಲಿನ ದನಿ ಮೇಲೇರುತ್ತ ಏರುತ್ತ ಬಹಳ ಎತ್ತರದಲ್ಲಿ ತೆಳುವಾಗಿ ಕರಗುತ್ತದೆ. ಗೋರ್ಲಿಟ್ಸ್‌ನ ಆ ಚಳಿಯಲ್ಲಿ ಅದನ್ನು ಮೊದಲು ನುಡಿಸಿದವರು ಲ ಬುಲೇರ್. ಧ್ವನಿಮುದ್ರಿಕೆಯಲ್ಲಿ ಅದನ್ನು ನುಡಿಸಿರುವವರು ಪಾಸ್ಕಿಯೇ ಅವರ ಅಣ್ಣ ಝಾನ್.