ಕುಂಡದ ಮೇಲೆ ಕುಂಡ: ಟೊಮ್ಯಾಟೊ ತುದಿ ಕಪ್ಪಾಗುವುದೇಕೆ?

ಗಿಡಗಳನ್ನು ಹೊತ್ತು ನಿಲ್ಲುವ ಗೋಡೆಗೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ಟ್ಯಾನ್ಲಿ ಹಾರ್ಟ್ ವೈಟ್ ಅವರು 1938ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಇಂದು ಅಂಗಳವಿಲ್ಲದ ಮನೆಗಳಲ್ಲಿಯೂ ಕುಂಡದ ಮೇಲೆ ಕುಂಡವನ್ನೇರಿಸಿ ಟೊಮ್ಯಾಟೊ ಬೆಳೆಯುವುದುಂಟು. ಮೇಲೆ ಹೊಯ್ದ ನೀರು ತಳದ ರಂಧ್ರಗಳಿಂದ ಕೆಳಗಿನ ಕುಂಡಗಳಿಗೆ ಇಳಿಯುತ್ತದೆ. ಏರ್ಪಾಡು ಸೊಗಸಾದುದೇ, ಆದರೆ ಕೆಲವೊಮ್ಮೆ, ಕಾಯಿ ಬಲಿಯುವಾಗ, ಹೂವಿದ್ದ ತುದಿ ಕಪ್ಪಾಗಿ ಗುಳಿಬೀಳುತ್ತದೆ. ಹುಳುವಿನ ಕಾಟವೆಂದು ಭಾವಿಸಿ ಔಷಧ ಸಿಂಪಡಿಸಿದರೆ ಫಲವಿಲ್ಲ. ಹಾಗಾದರೆ ಕಾರಣವೇನು?

ಜೀವಕೋಶಗಳ ಭಿತ್ತಿ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಬೇರು ಹೀರಿದ ಈ ಧಾತು ನೀರಿನೊಡನೆಯೇ ಮೇಲೇರಬೇಕು. ನೀರನ್ನು ಸೆಳೆಯುವುದು ಎಲೆಗಳಿಂದ ಹೊರಡುವ ಆವಿ. ನುಣುಪು ಸಿಪ್ಪೆಯ ಕಾಯಿಯಿಂದ ಆವಿ ಹೊರಡುವುದು ಅತ್ಯಲ್ಪ. ಆದ್ದರಿಂದ ನೀರಿನ ಕೊರತೆಯಾದಾಗ ಬಹುಪಾಲನ್ನು ಎಲೆಗಳೇ ಸೆಳೆದುಕೊಳ್ಳುತ್ತವೆ. ಎಲೆ ಸೇರಿದ ಕ್ಯಾಲ್ಸಿಯಂ ಕಾಯಿಗೆ ಹಿಂದಿರುಗುವುದಿಲ್ಲ. ಮಣ್ಣಿನಲ್ಲಿ ಸುಣ್ಣಾಂಶ ಸಾಕಷ್ಟಿದ್ದರೂ, ತೊಟ್ಟಿನಿಂದ ದೂರವಿರುವ ತುದಿಯ ಕೋಶಗಳು ಶಿಥಿಲವಾಗುತ್ತವೆ.

ಮೇಲಿನ ಕುಂಡಕ್ಕೆ ಬಿಸಿಲೂ ಗಾಳಿಯೂ ಹೆಚ್ಚು. ಅದು ಬೇಗ ಒಣಗುತ್ತದೆ. ಕೆಳಗಿನದು ನೆರಳಿನಲ್ಲಿ ಸದಾ ಒದ್ದೆಯಾಗಿದ್ದರೆ, ಮಣ್ಣಿನಲ್ಲಿ ಗಾಳಿ ಸಾಲದೆ ಬೇರು ಸೊರಗುತ್ತದೆ. ಸೊರಗಿದ ಬೇರೂ ಕ್ಯಾಲ್ಸಿಯಂ ಹೀರಲಾರದು. ಆದುದರಿಂದ ಎಲ್ಲ ಅಂತಸ್ತುಗಳಿಗೂ ಒಂದೇ ಲೆಕ್ಕ ಸಲ್ಲದು. ಪ್ರತಿಯೊಂದು ಕುಂಡಕ್ಕೂ ಬೆರಳಿಳಿಸಿ ತೇವವನ್ನು ಪರೀಕ್ಷಿಸೋಣ. ಮೇಲಿನದಕ್ಕೆ ತರಗೆಲೆಯ ಹೊದಿಕೆ ಹಾಕೋಣ. ಟೊಮ್ಯಾಟೊಗೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಅಷ್ಟು ಬಿಸಿಲು ಇಳಿಯದ ಅಂತಸ್ತಿನಲ್ಲಿ ತೇವವನ್ನೂ ಅರೆನೆರಳನ್ನೂ ಸಹಿಸುವ ಪುದೀನವನ್ನು ನೆಡುವುದೇ ಲೇಸು.