ಒಂದೇ ಡೋಸಿನ ಆಸೆ

"ಮಾವ, ಅಣಬೆ ಮಾತ್ರೆ ಒಂದೇ ಡೋಸ್ ತಗಂಡ್ರೆ ಡಿಪ್ರೆಶನ್ ಹೋಗ್ತಡ, ಹೌದಾ?" ಎಂದು ಕೇಳಿದವನು ನನ್ನ ಅಕ್ಕನ ಮಗ, ಬೆಂಗಳೂರಿನ ಐಟಿ ಕಂಪನಿಯಲ್ಲಿರುವವನು. ಸಾಗರದಲ್ಲಿ ಔಷಧದ ಅಂಗಡಿ ನಡೆಸುವ ನನಗೆ ಈಚೆಗೆ ಈ ಪ್ರಶ್ನೆ ಹೊಸದಲ್ಲ. ತಮಾಷೆಗೆಂದು ಕೇಳುವವರು ಕಡಿಮೆ. ಮನೆಯಲ್ಲಿ ಯಾರೋ ನರಳುತ್ತಿರುತ್ತಾರೆ, ನಾಲ್ಕಾರು ಬಗೆಯ ಮಾತ್ರೆ ನುಂಗಿ ಸೋತಿರುತ್ತಾರೆ. ಅದಕ್ಕೇ ಉತ್ತರ ಸರಿಯಾಗಿರಬೇಕು.

ಅವನು ಕೇಳಿದ ವಸ್ತುವಿನ ಹೆಸರು ಸಿಲೋಸೈಬಿನ್. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1958ರಲ್ಲಿ ಅದನ್ನು ಮೆಕ್ಸಿಕೋದ ಅಣಬೆಯಿಂದ ಬೇರ್ಪಡಿಸಿದರು. ಎಲ್‌ಎಸ್‌ಡಿಯನ್ನು 1938ರಲ್ಲಿ ತಯಾರಿಸಿದವರೂ ಅವರೇ. ಅರವತ್ತರ ದಶಕದಲ್ಲಿ ಇವು ಬೀದಿಗೆ ಬಂದವು, ನಿಷೇಧ ಬಿತ್ತು, ಸಂಶೋಧನೆಯೂ ಹೆಚ್ಚುಕಡಿಮೆ ನಿಂತುಹೋಯಿತು. ಮತ್ತೆ ಚಿಗುರಿದ್ದು ಈ ಶತಮಾನದಲ್ಲಿ.

2022ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ, ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಯಿದ್ದ 233 ಮಂದಿ ಇದ್ದರು. 25 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಮೂರು ವಾರದ ಹೊತ್ತಿಗೆ ಶೇ. 37ರಷ್ಟು ಜನರಿಗೆ ಗಣನೀಯ ಗುಣ ಕಂಡಿತು. ಹೆಸರಿಗೆ ಮಾತ್ರ 1 ಮಿಲಿಗ್ರಾಂ ಪಡೆದವರಲ್ಲಿ ಇದು ಶೇ. 18. ಹನ್ನೆರಡನೇ ವಾರದವರೆಗೂ ಆ ಗುಣ ಉಳಿದದ್ದು 25 ಮಿಲಿಗ್ರಾಂನವರಲ್ಲಿ ಐವರಲ್ಲಿ ಒಬ್ಬರಿಗೆ. ಸೋತು ಕೂತವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ "ಒಂದೇ ಡೋಸಲ್ಲಿ ಹೋಗ್ತಡ" ಅನ್ನುವಂಥದ್ದೂ ಅಲ್ಲ.

ಸುದ್ದಿಯಲ್ಲಿ ಬಿಟ್ಟುಹೋಗುವುದು ಆ ಡೋಸಿನ ಸುತ್ತ ನಡೆಯುವ ಕೆಲಸ. ಮೊದಲು ವೈದ್ಯರ ಉಸ್ತುವಾರಿಯಲ್ಲಿ ಹಳೆಯ ಮಾತ್ರೆಗಳನ್ನು ನಿಧಾನವಾಗಿ ಇಳಿಸುತ್ತಾರೆ. ಚಿಕಿತ್ಸಕರು ರೋಗಿಯೊಡನೆ ಮಾತಾಡಿ ಸಿದ್ಧಪಡಿಸುತ್ತಾರೆ. ಆ ದಿನ ಮನೆಯ ಕೋಣೆಯಂತೆ ಸಜ್ಜುಮಾಡಿದ ಜಾಗದಲ್ಲಿ ಮಲಗಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಸಂಗೀತ ಹಾಕುತ್ತಾರೆ. ಆರೆಂಟು ತಾಸು ಪಕ್ಕದಲ್ಲಿ ಜನ ಕೂತಿರುತ್ತಾರೆ. ರೋಗಿ ಅತ್ತರೆ, ಹೆದರಿ ಚೀರಿದರೆ ಎದ್ದುಹೋಗದೆ ಅಲ್ಲೇ ಇರುತ್ತಾರೆ. ಮಾರನೆಯ ದಿನದಿಂದ, ಕಂಡದ್ದೇನು ಎಂದು ಮತ್ತೆ ಕೂತು ಮಾತಾಡುತ್ತಾರೆ. ಮಾತ್ರೆಯನ್ನು ಗುಟ್ಟಾಗಿ ತರಿಸಿಕೊಳ್ಳಬಹುದೇನೋ, ಈ ಜನರನ್ನು ತರಿಸಿಕೊಳ್ಳಲಾಗದು.

ಹೀಗೆ ಜೊತೆಗಿರುವುದು ಏನೆಂದು ನಾನು ನೋಡಿದ್ದು ನಮ್ಮೂರ ಹತ್ತಿರದ ವರದಹಳ್ಳಿಯಲ್ಲಿ. ಸಂತ ಶ್ರೀಧರ ಸ್ವಾಮಿಗಳು ತಮ್ಮ ಕೊನೆಯ ವರ್ಷಗಳನ್ನು ಬಹುಪಾಲು ಏಕಾಂತದಲ್ಲಿ ಕಳೆದು, 1973ರಲ್ಲಿ ಸಮಾಧಿಸ್ಥರಾದ ಜಾಗವದು. ಮನಸ್ಸು ಕೆಟ್ಟವರನ್ನು ಇವತ್ತಿಗೂ ಅಲ್ಲಿ ಸೇವೆಗೆ ಕರೆತರುತ್ತಾರೆ. ಒಮ್ಮೆ ಮಳೆಗಾಲದಲ್ಲಿ ಒಬ್ಬ ತಾಯಿ ಬೆಳೆದ ಮಗನನ್ನು ಕೈಹಿಡಿದು ಶ್ರೀಧರ ತೀರ್ಥದ ಗೋಮುಖದ ಕೆಳಗೆ ನಿಲ್ಲಿಸುವುದನ್ನು ಕಂಡೆ. ನೀರು ತಲೆಗೆ ಬಿದ್ದಾಗ ಹುಡುಗ ನಡುಗಿದ. ಆಕೆ ಸೀರೆ ಪೂರ್ತಿ ನೆನೆದರೂ ಭುಜದ ಮೇಲಿನ ಕೈ ತೆಗೆಯಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ತಲೆ ಒರೆಸುತ್ತಾ, "ಇಲ್ಲಿಗೆ ಬಂದ ಮೇಲೆ ಮಾತ್ರೆ ಬಿಡಿಸಿದ್ದೇನೆ" ಎಂದಳು. ನನ್ನ ಎದೆ ಧಸಕ್ಕೆಂದಿತು. ಆಕೆಯ ಪ್ರೀತಿ, ನಂಬಿಕೆ ಎರಡೂ ದೊಡ್ಡವು. ಮಾತ್ರೆ ಬಿಡಿಸಿದ್ದು ಮಾತ್ರ ತಪ್ಪು. ಕೂತು ವಿವರಿಸಿದೆ, ಸೇವೆಯೂ ನಡೆಯಲಿ ಮಾತ್ರೆಯೂ ನಡೆಯಲಿ ಎಂದು ಒಪ್ಪಿದಳು.

ವರದಹಳ್ಳಿಯಂಥ ಜಾಗದ ಮಾತು ಬಂದರೆ ಧ್ಯಾನದ ಮಾತೂ ಬರುತ್ತದೆ. ಧ್ಯಾನಕ್ಕೂ ಸಿಲೋಸೈಬಿನ್‌ಗೂ ಒಂದು ನಂಟು ಸಿಕ್ಕಿರುವುದು ನಿಜ. ಸುಮ್ಮನೆ ಕೂತಾಗ 'ನಾನು, ನನ್ನ ಕಷ್ಟ, ನನ್ನ ನಾಳೆ' ಎಂದು ಮನಸ್ಸು ಗಿರಕಿ ಹೊಡೆಯುವಾಗ ಮೆದುಳಿನ ಕೆಲವು ಭಾಗಗಳು ಒಟ್ಟಿಗೆ ಚುರುಕಾಗಿರುತ್ತವೆ. ಅನುಭವಿ ಧ್ಯಾನಿಗಳಲ್ಲಿ ಅವುಗಳ ಚಟುವಟಿಕೆ ತಗ್ಗುತ್ತದೆ ಎಂದು 2011ರಲ್ಲಿ, ಸಿಲೋಸೈಬಿನ್ ಪಡೆದವರಲ್ಲೂ ತಗ್ಗುತ್ತದೆ ಎಂದು 2012ರಲ್ಲಿ ವರದಿಯಾಯಿತು. ಇಷ್ಟರಿಂದ ಎರಡೂ ಒಂದೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಧ್ಯಾನಿ ವರ್ಷಗಟ್ಟಲೆ ನಡೆದು ಹತ್ತಿದ ಗುಡ್ಡಕ್ಕೆ ಔಷಧ ಒಂದೇ ಗಳಿಗೆಯಲ್ಲಿ ಎತ್ತಿ ಒಯ್ಯುತ್ತದೆ; ಇಳಿಯುವ ದಾರಿಯ ಪರಿಚಯ ಅದರಿಂದ ಬರುವುದಿಲ್ಲ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಧ್ಯಾನಿಗಳ ನಿದ್ದೆಯ ಅಧ್ಯಯನ ನಡೆದಿದೆ. ನನಗೆ ಅದಕ್ಕಿಂತ ಭರವಸೆ ಕೊಟ್ಟದ್ದು ಅಲ್ಲಿಯ ಇನ್ನೊಂದು ಕೆಲಸ. ಸ್ಕಿಜೋಫ್ರೀನಿಯಾದಲ್ಲಿ ಎಷ್ಟು ಮಾತ್ರೆ ಕೊಟ್ಟರೂ ಕಿವಿಯೊಳಗಿನ ಮಾತು ನಿಲ್ಲದವರಿಗೆ, ಉಪ್ಪುನೀರಿನಲ್ಲಿ ಅದ್ದಿದ ಎರಡು ಸ್ಪಂಜನ್ನು ತಲೆಗೆ ಕಟ್ಟಿ 20 ನಿಮಿಷ 2 ಮಿಲಿಆಂಪಿಯರ್ ಕರೆಂಟು ಹಾಯಿಸುತ್ತಾರೆ. ಟಾರ್ಚಿನ ಬಲ್ಬೂ ಸರಿಯಾಗಿ ಹೊತ್ತದಷ್ಟು ಕರೆಂಟು. ಎಚ್ಚರವಾಗಿ ಕುರ್ಚಿಯಲ್ಲಿ ಕೂತಿದ್ದರೆ ಸಾಕು, ಪ್ರಜ್ಞೆ ತಪ್ಪಿಸುವುದಿಲ್ಲ. ಎಲ್ಲರಿಗೂ ಅಲ್ಲವಾದರೂ, ಕೆಲವರಿಗೆ ಆ ದನಿಗಳ ಕಾಟ ಇಳಿದಿದೆ. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಕೈಕಾಲಿನ ಸ್ವಾಧೀನ ತಪ್ಪಿದವನೊಬ್ಬನ ಮೆದುಳಿಗೆ ಚಿಪ್ ಕೂರಿಸಿದಾಗ ಆದ ಗದ್ದಲ ಈ ಸ್ಪಂಜಿಗೆ ಆಗಲಿಲ್ಲ. ಇಂಥ ಸುದ್ದಿಗಳು ಸಾರುವ 'ಮನುಷ್ಯನ ಪ್ರಜ್ಞೆಯ ಭವಿಷ್ಯ' ನನ್ನ ಮಟ್ಟಿಗೆ ಇರುವುದು ಆ ಸ್ಪಂಜಿನ ಕಡೆಯೇ: ಕಿವಿಯಲ್ಲಿ ಬೈಗುಳ ಕೇಳುತ್ತಿದ್ದವನು ಒಂದು ರಾತ್ರಿ ನೆಮ್ಮದಿಯಾಗಿ ಮಲಗುವುದು.

ಅಳಿಯನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆಸ್ಟ್ರೇಲಿಯಾ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರಿಗೆ ಸಿಲೋಸೈಬಿನ್ ಬರೆದುಕೊಡಲು ಬಿಟ್ಟಿದೆ. ನಮ್ಮಲ್ಲಿ ಅದೂ ಎಲ್‌ಎಸ್‌ಡಿಯೂ 1985ರ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಯಲ್ಲಿವೆ, ಇಟ್ಟುಕೊಂಡರೆ ಜೈಲು. ಲಿಥಿಯಂ ಮಾತ್ರೆ ನುಂಗುವವರು ಇವನ್ನು ತೆಗೆದುಕೊಂಡು ಫಿಟ್ಸ್ ಬಂದ ಉದಾಹರಣೆಗಳಿವೆ. ಮನೆತನದಲ್ಲಿ ಸ್ಕಿಜೋಫ್ರೀನಿಯಾ ಇದ್ದವರನ್ನು ಪ್ರಯೋಗಗಳಿಗೇ ಸೇರಿಸಿಕೊಳ್ಳುವುದಿಲ್ಲ. ವಿಡಿಯೋ ನೋಡಿಕೊಂಡು ಮಲೆನಾಡಿನ ಗುಡ್ಡದಲ್ಲಿ ಅಣಬೆ ಹುಡುಕುವವರಂತೂ ಜೀವದ ಜೊತೆ ಆಡುತ್ತಿದ್ದಾರೆ. ಯಕೃತ್ತನ್ನೇ ಕೊಲ್ಲುವ ಜಾತಿಗಳು ಅಣಬೆಯಲ್ಲಿವೆ, ಗುರುತು ಹಿಡಿಯುವುದು ಹಳಬರಿಗೂ ಕಷ್ಟ.

ಹೊಸ ಔಷಧ ಬರುವ ದಿನ ಬರಲಿ. ಅಲ್ಲಿಯತನಕ ಕಾಯುವ ಶಕ್ತಿ ಇಲ್ಲದವರಿಗೆ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವರದಹಳ್ಳಿಗೆ ಹೋಗುವವರು ಖಂಡಿತ ಹೋಗಿ. ಚೀಲದಲ್ಲಿ ಡಾಕ್ಟರು ಬರೆದ ಮಾತ್ರೆಯನ್ನೂ ಇಟ್ಟುಕೊಂಡು ಹೋಗಿ.