ಪಾಯಿಂಟುಗಳ ಪಾಳಿ

ಕಳೆದ ವರ್ಷ ನಾನು ಅಮೆರಿಕದ ಅಟ್ಲಾಂಟಾ ನಗರದಲ್ಲಿ ತಂಗಿಯ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಒಂದು ಸಂಜೆ ಅವಳು ಎರಡು ಕಾಗದಗಳನ್ನು ನನ್ನ ಮುಂದಿಟ್ಟು, "ಮಾವ, ನೀವು ಜೀವನವಿಡೀ ಲೆಕ್ಕಪತ್ರ ನೋಡಿದವರು. ಇವೆರಡರಲ್ಲಿ ಯಾವುದನ್ನು ಕೊಳ್ಳಲಿ, ಹೇಳಿ" ಎಂದಳು. ಎರಡೂ ರಜೆಯ ದಿನಗಳಲ್ಲಿ ವಿಹಾರಧಾಮಗಳಲ್ಲಿ ತಂಗುವ ಹಕ್ಕಿನ ಕರಾರುಗಳು. ಎರಡನ್ನೂ ಈಗಿನ ಮಾಲೀಕರು ಮಾರಲು ಇಟ್ಟಿದ್ದರು. ಒಂದರ ಬೆಲೆ ಹದಿನೈದು ಸಾವಿರ ಡಾಲರು. ಇನ್ನೊಂದರ ಬೆಲೆ ಒಂದೇ ಒಂದು ಡಾಲರು. ಒಂದು ಡಾಲರಿಗೆ ಸಿಕ್ಕುವುದನ್ನು ಬಿಟ್ಟು ಹದಿನೈದು ಸಾವಿರ ಕೊಡುವವರುಂಟೆ ಎಂದು ಯಾರಿಗಾದರೂ ತೋರುತ್ತದೆ. ನನಗೂ ಮೊದಲು ಹಾಗೆಯೇ ತೋರಿತು. ಆಮೇಲೆ ನಾನು ಕಲಿತದ್ದನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಅಲ್ಲಿ ಇದನ್ನು ಟೈಮ್‌ಶೇರ್ ಎನ್ನುತ್ತಾರೆ. ಹೆಸರು ಹೊಸದಾದರೂ ಕಲ್ಪನೆ ನಮಗೆ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ಒಂದೇ ದೇವಸ್ಥಾನದ ಪೂಜೆ ನಾಲ್ಕಾರು ಮನೆಗಳಿಗೆ ಸೇರಿದ್ದಾಗ ವರ್ಷದ ದಿನಗಳನ್ನು ಪಾಳಿಯಾಗಿ ಹಂಚಿಕೊಳ್ಳುತ್ತಾರಲ್ಲವೆ? ಪಾಳಿ ಬಂದ ಮನೆಗೆ ಪೂಜೆಯ ಹಕ್ಕೂ ಉಂಟು, ದೀಪದ ಎಣ್ಣೆಯ ಹೊಣೆಯೂ ಉಂಟು. ಟೈಮ್‌ಶೇರ್ ಕೂಡ ಹಾಗೆಯೇ. ಒಂದು ಕೋಣೆಯ ವರ್ಷದ ಐವತ್ತೆರಡು ವಾರಗಳನ್ನು ಬೇರೆ ಬೇರೆಯವರಿಗೆ ಮಾರುತ್ತಾರೆ. ಕೊಂಡವರು ಪ್ರತಿವರ್ಷವೂ ನಿರ್ವಹಣಾ ಶುಲ್ಕವನ್ನು ತೆರಬೇಕು. ಅದೇ ಅಲ್ಲಿಯ ಎಣ್ಣೆ.

ಆದರೆ ವರ್ಷವೂ ಅದೇ ವಾರ, ಅದೇ ಊರು ಎಂದರೆ ಯಾರಿಗೂ ಬೇಸರವೇ. 1974ರಲ್ಲಿ ಆರ್.ಸಿ.ಐ. ಎಂಬ ಸಂಸ್ಥೆ ಹುಟ್ಟಿ, ಮಾಲೀಕರು ತಮ್ಮತಮ್ಮ ವಾರಗಳನ್ನು ಅದಲುಬದಲು ಮಾಡಿಕೊಳ್ಳುವ ಏರ್ಪಾಡು ಮಾಡಿತು. ಅದಕ್ಕೂ ಮುಂಚೆಯೇ, 1963ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಆರಂಭವಾದ ಹಾಪಿಮಾಗ್ ಎಂಬ ಸಂಸ್ಥೆ ಪಾಯಿಂಟುಗಳ ದಾರಿ ಹಿಡಿದಿತ್ತು. ಅಮೆರಿಕದಲ್ಲಿ ಡಿಸ್ನಿಯವರು 1991ರಲ್ಲಿ ಪಾಯಿಂಟುಗಳಿಂದಲೇ ತಮ್ಮ ಕ್ಲಬ್ಬನ್ನು ತೆರೆದರು. ಮ್ಯಾರಿಯಟ್‌ನವರು 2010ರಲ್ಲಿ ಈ ಪದ್ಧತಿಗೆ ಬಂದರು. ಇಲ್ಲಿ ಮಾಲೀಕನಿಗೆ ಪ್ರತಿವರ್ಷ ಇಷ್ಟು ಪಾಯಿಂಟುಗಳೆಂದು ದೊರೆಯುತ್ತವೆ. ದೊಡ್ಡ ಕೋಣೆಗೆ, ಜನಸಂದಣಿಯ ಕಾಲಕ್ಕೆ ಹೆಚ್ಚು ಪಾಯಿಂಟು. ಸಣ್ಣ ಕೋಣೆಗೆ, ಬಿಡುವಿನ ಕಾಲಕ್ಕೆ ಕಡಿಮೆ.

ಮೊದಲ ತೊಡಕು ಹುಟ್ಟುವುದು ಇಲ್ಲಿಯೇ. ಪಾಯಿಂಟು ನಾಣ್ಯದಂತೆ ಕಾಣುತ್ತದೆ. ಆದರೆ ಅದು ಆಯಾ ಕಂಪನಿಯ ಗಡಿಯೊಳಗೆ ಮಾತ್ರ ನಡೆಯುವ ನಾಣ್ಯ. ಡಿಸ್ನಿಯಲ್ಲಿ ಒಂದು ವಾರದ ವಾಸವನ್ನು ನೂರರ ಲೆಕ್ಕದಲ್ಲಿ ಎಣಿಸಿದರೆ ವಿಂಡಮ್ ಕಂಪನಿಯಲ್ಲಿ ಲಕ್ಷದ ಲೆಕ್ಕದಲ್ಲಿ ಎಣಿಸುತ್ತಾರೆ. ಹಾಗಾಗಿ 'ಪಾಯಿಂಟಿಗೆ ಎಷ್ಟು ಬೆಲೆ' ಎಂಬ ಪ್ರಶ್ನೆಯಿಂದ ಎರಡು ಪದ್ಧತಿಗಳನ್ನು ತೂಗಲಾಗದು. ನಾವು ನಿಜವಾಗಿ ಹೋಗಬಯಸುವ ಊರು, ಕಾಲ, ಕೋಣೆ ಇವನ್ನು ಮೊದಲು ಗೊತ್ತುಮಾಡಿ, ಅದಕ್ಕೆ ಒಂದೊಂದು ಪದ್ಧತಿಯಲ್ಲಿ ವರ್ಷಕ್ಕೆ ತಗಲುವ ಡಾಲರುಗಳನ್ನು ಹೋಲಿಸಬೇಕು.

ಎರಡನೆಯದು ಮರುಮಾರಾಟದ ಗುಟ್ಟು. ಕಂಪನಿಯಿಂದ ನೇರವಾಗಿ ಕೊಂಡವನಿಗೆ ದೊರೆತ ಸವಲತ್ತುಗಳೆಲ್ಲ ಅವನಿಂದ ಕೊಂಡವನಿಗೆ ಬರುವುದಿಲ್ಲ. ಡಿಸ್ನಿಯ ಉದಾಹರಣೆ ನೋಡಿ. 2011ರ ಮಾರ್ಚಿಯಿಂದ, ಮರುಮಾರಾಟದಲ್ಲಿ ಕೊಂಡ ಪಾಯಿಂಟುಗಳನ್ನು ಹಡಗುಯಾನದಂಥವಕ್ಕೆ ಬಳಸುವುದು ನಿಂತಿತು. 2016ರ ಏಪ್ರಿಲಿನಿಂದ ಸದಸ್ಯರ ರಿಯಾಯಿತಿಗಳು ಹೋದವು. 2019ರ ಜನವರಿ 19ರಿಂದ, ಹಳೆಯ ಹದಿನಾಲ್ಕು ಧಾಮಗಳ ಪಾಯಿಂಟುಗಳನ್ನು ಹಾಗೆ ಕೊಂಡವರು ಆ ಹದಿನಾಲ್ಕರಲ್ಲಿ ಮಾತ್ರ ತಂಗಬಹುದೆಂದು ವಿಧಿಸಿದರು. ಹೊಸ ರಿವಿಯೆರಾ ಧಾಮದ ಪಾಯಿಂಟುಗಳನ್ನು ಮರುಮಾರಾಟದಲ್ಲಿ ಕೊಂಡವರಿಗಂತೂ ರಿವಿಯೆರಾ ಒಂದೇ ಗತಿ. ಹಿಲ್ಟನ್ ಪದ್ಧತಿಯಲ್ಲಿಯೂ ಮರುಮಾರಾಟದ ಪಾಯಿಂಟುಗಳು ಮೇಲ್ದರ್ಜೆಯ ಸದಸ್ಯತ್ವಕ್ಕೆ ಲೆಕ್ಕವಾಗುವುದಿಲ್ಲ. ಆದುದರಿಂದ ಕಂಪನಿಯ ಬಣ್ಣದ ಪುಸ್ತಕವನ್ನು ಪಕ್ಕಕ್ಕಿಟ್ಟು, ಎರಡನೆಯ ಮಾಲೀಕನಿಗೆ ಉಳಿಯುವುದೇನು ಎಂಬುದೊಂದನ್ನೇ ಕೇಳಬೇಕು. ಆ ಉಳಿದದ್ದೇ ನಮಗೆ ಸಾಕೆನಿಸಿದರೆ ಕಡಿಮೆ ಬೆಲೆ ನಿಜವಾದ ಲಾಭ.

ಮೂರನೆಯದು, ಕೋಣೆ ಕಾದಿರಿಸುವ ಸರದಿ. ಪಾಯಿಂಟಿದ್ದ ಮಾತ್ರಕ್ಕೆ ಕೋಣೆ ಸಿಕ್ಕಿತೆಂದಲ್ಲ. ಡಿಸ್ನಿಯಲ್ಲಿ ಪ್ರತಿ ಕರಾರಿಗೂ ಒಂದು 'ಮನೆ'ಧಾಮವಿರುತ್ತದೆ. ಅಲ್ಲಿ ಹನ್ನೊಂದು ತಿಂಗಳು ಮುಂಚೆ ಕೋಣೆ ಹಿಡಿಯಬಹುದು; ಉಳಿದ ಧಾಮಗಳಲ್ಲಿ ಏಳು ತಿಂಗಳು ಮುಂಚೆ ಮಾತ್ರ, ಅದೂ ಅಲ್ಲಿಯ ಮಾಲೀಕರು ಹಿಡಿದು ಮಿಕ್ಕದ್ದು. ಹಿಲ್ಟನ್‌ನಲ್ಲಿ ತನ್ನ ಸ್ವಂತ ವಾರವನ್ನು ಹನ್ನೆರಡರಿಂದ ಒಂಬತ್ತು ತಿಂಗಳು ಮುಂಚೆ ಹಿಡಿಯಬಹುದು. ಆಮೇಲೆ ಎಲ್ಲ ಸದಸ್ಯರಿಗೂ ಬಾಗಿಲು ತೆರೆಯುತ್ತದೆ. ವರ್ಲ್ಡ್‌ಮಾರ್ಕ್ ಎಂಬ ಕ್ಲಬ್ಬಿನಲ್ಲಿ ಮನೆಧಾಮವೆಂಬುದೇ ಇಲ್ಲ, ಸದಸ್ಯರೆಲ್ಲ ಸಮಾನರು. ಆದರೆ ಅದರ ಧಾಮಗಳು ಹೆಚ್ಚಾಗಿ ಅಮೆರಿಕದ ಪಶ್ಚಿಮ ಭಾಗದಲ್ಲಿವೆ. ಅಟ್ಲಾಂಟಾದವರಿಗೆ ಅವು ದೂರ. ಒಂದೇ ಧಾಮವನ್ನು ಮೆಚ್ಚಿ, ಮಕ್ಕಳ ಶಾಲೆಯ ರಜೆಯಲ್ಲಿಯೇ ಹೋಗಬೇಕಾದವರಿಗೆ ಮನೆಧಾಮದ ಪದ್ಧತಿ ಅನುಕೂಲ. ಊರೂರು ತಿರುಗುವ ಆಸೆಯವರಿಗೆ ಮನೆಯಿಲ್ಲದ ಪದ್ಧತಿ ವಾಸಿ.

ನಾಲ್ಕನೆಯದು ಎಣ್ಣೆಯ ಖರ್ಚು. ಸುಲಭಕ್ಕೆ ಹೀಗೊಂದು ಲೆಕ್ಕ ಹಾಕೋಣ. ಎರಡು ಕರಾರುಗಳಿಂದಲೂ ಒಂದೇ ಬಗೆಯ ಒಂದು ವಾರ ದೊರೆಯುತ್ತದೆನ್ನಿ. ಮೊದಲನೆಯದಕ್ಕೆ 15,000 ಡಾಲರು ಬೆಲೆ, 1,500 ಡಾಲರು ವಾರ್ಷಿಕ ಶುಲ್ಕ, ಉಳಿದ ಅವಧಿ 30 ವರ್ಷ. ಬೆಲೆಯನ್ನು ಅವಧಿಗೆ ಹಂಚಿದರೆ ವರ್ಷಕ್ಕೆ 500. ಶುಲ್ಕ ಕೂಡಿ 2,000. ಎರಡನೆಯದಕ್ಕೆ ಬೆಲೆ ಒಂದು ಡಾಲರು, ವಾರ್ಷಿಕ ಶುಲ್ಕ 2,200. ಬಡ್ಡಿಯ ಮಾತು ಬಿಟ್ಟರೆ, ಬಿಟ್ಟಿಯಾಗಿ ಬಂದದ್ದೇ ವರ್ಷಕ್ಕೆ 200 ಡಾಲರು ದುಬಾರಿ! ಶುಲ್ಕವಾದರೋ ನಿಂತಲ್ಲಿ ನಿಲ್ಲುವುದಿಲ್ಲ, ಏರುತ್ತ ಹೋಗುತ್ತದೆ. ಹಿಲ್ಟನ್‌ನಲ್ಲಿ ಇನ್ನೊಂದು ಸೂಕ್ಷ್ಮವುಂಟು. ಒಂದೇ ಕಟ್ಟಡದ ಒಂದೇ ಅಳತೆಯ ಕೋಣೆಗೆ ಶುಲ್ಕ ಒಂದೇ; ಆದರೆ ಪ್ಲಾಟಿನಂ ಋತುವಿನ ವಾರವುಳ್ಳವನಿಗೆ ಗೋಲ್ಡ್ ಋತುವಿನವನಿಗಿಂತ ಹೆಚ್ಚು ಪಾಯಿಂಟು. ಅಲ್ಲಿ ಕೊಳ್ಳುವಾಗ ಸ್ವಲ್ಪ ಹೆಚ್ಚು ತೆತ್ತು ಪ್ಲಾಟಿನಂ ಕೊಂಡವನೇ ಜಾಣ.

ಐದನೆಯದನ್ನು ಯಾರೂ ಕೇಳುವುದಿಲ್ಲ: ಇದು ಮುಗಿಯುವುದು ಯಾವಾಗ? ಡಿಸ್ನಿಯ ಕರಾರುಗಳಿಗೆ ಕೊನೆಯುಂಟು. ಹಳೆಯ ಹಲವು 2042ಕ್ಕೆ ಮುಗಿಯುತ್ತವೆ, ರಿವಿಯೆರಾದ್ದು 2070ಕ್ಕೆ. ಅವಧಿ ಸವೆದಂತೆ ಬೆಲೆಯೂ ಸವೆಯುತ್ತದೆ, ಹೊಣೆಯೂ ತೀರುತ್ತದೆ. ಬೇರೆ ಹಲವು ಕಂಪನಿಗಳ ಕರಾರುಗಳು ಶಾಶ್ವತ. 'ಶಾಶ್ವತ' ಎಂಬ ಮಾತು ಮಾರುವಾಗ ಸೊಗಸಾಗಿ ಕೇಳಿಸುತ್ತದೆ. ಆದರೆ ಶುಲ್ಕವೂ ಶಾಶ್ವತವೇ. ಮಾಲೀಕ ತೀರಿಕೊಂಡಾಗ ವಾರಸುದಾರರು ಸಕಾಲದಲ್ಲಿ ಕಾನೂನಿನಂತೆ ಬೇಡವೆನ್ನಬಹುದು. ಆದರೆ ದುಃಖದ ಮನೆಯಲ್ಲಿ ಅದೂ ಒಂದು ಕೆಲಸ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವುದು ನಮ್ಮ ಗಾದೆ. ಇಲ್ಲಿ ಅಪ್ಪನ ಪುಕ್ಕಟೆ ಮಗನ ಪಾಲಿಗೆ ಬರುತ್ತದೆ.

ಆ ಒಂದು ಡಾಲರಿನ ಕಾಗದದ ಜತೆಗೆ ಮಾರುವವರ ಪತ್ರವಿತ್ತು. ಆಕೆ ವೃದ್ಧೆ; ಪತಿ ತೀರಿಕೊಂಡಿದ್ದರು. ಅವರಿಬ್ಬರೂ ಅದೇ ಕರಾರಿನಿಂದ ಎಷ್ಟೋ ಬೇಸಗೆಗಳನ್ನು ಸಂತೋಷದಿಂದ ಕಳೆದಿದ್ದರಂತೆ. ಈಗ ಆಕೆ ಪ್ರಯಾಣ ಮಾಡುವ ಹಾಗಿಲ್ಲ. ಶುಲ್ಕ ಮಾತ್ರ ಪ್ರತಿವರ್ಷ ಬರುತ್ತದೆ. ಯಾರಾದರೂ ತೆಗೆದುಕೊಂಡರೆ ಸಾಕು ಎಂದು ಬರೆದಿದ್ದರು. ಅದನ್ನು ಓದಿ ನನ್ನ ಸೊಸೆ ಬಹಳ ಹೊತ್ತು ಮಾತಾಡಲಿಲ್ಲ.

ಇಷ್ಟನ್ನೂ ತೂಗಿ ಕೊಳ್ಳಲು ನಿಶ್ಚಯಿಸಿದವರು ಮೂರು ಕಾಗದಗಳನ್ನು ಕೇಳಬೇಕು. ಮೊದಲನೆಯದು, ಮಾರುವವನಿಂದ ಶುಲ್ಕವೋ ಸಾಲವೋ ಬಾಕಿಯಿಲ್ಲವೆಂದು ಕಂಪನಿ ಕೊಡುವ ಪತ್ರ. ಎರಡನೆಯದು, ಈ ವರ್ಷದ ಮತ್ತು ಮುಂದಿನ ವರ್ಷದ ಪಾಯಿಂಟುಗಳು ಎಷ್ಟು ಉಳಿದಿವೆಯೆಂಬ ವಿವರ. ಕೆಲವರು ಬರುವ ವರ್ಷದ್ದನ್ನೂ ಮುಂಗಡವಾಗಿ ತಿಂದು ಮಾರುತ್ತಾರೆ. ಮೂರನೆಯದು, ಹಕ್ಕು ವರ್ಗಾವಣೆಯ ಖರ್ಚು ಯಾರದೆಂಬ ಬರವಣಿಗೆ. ಹಣವನ್ನು ಮಾರುವವನ ಕೈಗೆ ನೇರವಾಗಿ ಕೊಡದೆ, ನೋಂದಣಿ ಮುಗಿಯುವ ತನಕ ಮಧ್ಯಸ್ಥ ಸಂಸ್ಥೆಯಲ್ಲಿರಿಸುವುದು ಅಲ್ಲಿಯ ರೂಢಿ. ಡಿಸ್ನಿ, ಹಿಲ್ಟನ್‌ಗಳಂಥ ಕಂಪನಿಗಳಿಗೆ ಅದೇ ಬೆಲೆಗೆ ತಾವೇ ಕೊಂಡುಬಿಡುವ ಮೊದಲ ಹಕ್ಕೂ ಉಂಟು. ಆ ಉತ್ತರ ಬರುವವರೆಗೆ ವ್ಯಾಪಾರ ಕುದುರಿತೆಂದು ತಿಳಿಯಬಾರದು.

ಕೊನೆಗೆ ನಾನು ಅವಳನ್ನು ಒಂದೇ ಮಾತು ಕೇಳಿದೆ: "ಹನ್ನೊಂದು ತಿಂಗಳು ಮುಂಚೆ ನಿಮ್ಮಿಬ್ಬರ ರಜೆ ಯಾವಾಗೆಂದು ಹೇಳಬಲ್ಲೆಯಾ, ಮಗು?" ಅವಳು ಗಂಡನ ಮುಖ ನೋಡಿದಳು. ಅವನ ರಜೆ ಎರಡು ತಿಂಗಳು ಮುಂಚೆಯೂ ಖಚಿತವಾಗದು. ಸದ್ಯಕ್ಕೆ ಯಾವುದನ್ನೂ ಕೊಳ್ಳದೆ, ಒಂದು ವರ್ಷ ಯಾರಾದರೂ ಮಾಲೀಕರಿಂದ ಪಾಯಿಂಟುಗಳನ್ನು ಬಾಡಿಗೆಗೆ ಪಡೆದು ನೋಡುವುದೆಂದು ತೀರ್ಮಾನವಾಯಿತು. ಆ ವೃದ್ಧೆಗೂ ಅವಳು ಉತ್ತರ ಬರೆದಳು. ಸಾಲವಿಲ್ಲದ ಕರಾರುಗಳನ್ನು ಕೆಲವು ಕಂಪನಿಗಳು ತಾವೇ ಮರಳಿ ಪಡೆಯುತ್ತವೆ, ಮೊದಲು ಅಲ್ಲಿ ವಿಚಾರಿಸಿ ಎಂದು ಅದರಲ್ಲಿತ್ತು. ಆ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿ ಬಂದದ್ದು ನಾನೇ.